ಸೈನು ಹಾಕಿದರೆ ಸಾರು

ನಮ್ಮ ದೊಡ್ಡವ್ವ ಕೈಯಲ್ಲಿ ಸಾರಿನ ಸೌಟು ಹಿಡಿದು ನಿಂತರೆ ಎಮ್ಮೆಲ್ಲೆಗಳು ಹೆದರುತ್ತಿದ್ದರು ಅಂದರೆ ನೀವು ನಗುತ್ತೀರಿ. ನಗಿ, ನಗಿ! ಒಬ್ಬರಲ್ಲ, ಇಬ್ಬರಲ್ಲ, ಮೂರು ಕ್ಷೇತ್ರದ ಎಮ್ಮೆಲ್ಲೆಗಳು ಹೆದರಿದ್ದನ್ನು ನಾನು ಈ ಕಣ್ಣಾರೆ ಕಂಡಿದ್ದೇನೆ. ಸಾರು ಕೆಟ್ಟದಾಗಿತ್ತು ಅಂದುಕೊಂಡಿರಾ? ಸಾರೇನೋ ಬೀದಿಗೆಲ್ಲ ಘಮಘಮ ಅನ್ನುತ್ತಿತ್ತು. ಅವರ ಎಲೆಗೆ ಬೀಳುತ್ತಿರಲಿಲ್ಲ, ಅಷ್ಟೇ!

ದೊಡ್ಡವ್ವ ಅಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ. ನಮ್ಮದು ಒಟ್ಟು ಮನೆ. ದೊಡ್ಡಪ್ಪನಿಗೆ ಮಾತು ಕಮ್ಮಿ. ಆಡಬೇಕಾದ್ದನ್ನೆಲ್ಲ ಇವಳೇ ಆಡಿ ಮುಗಿಸುತ್ತಿದ್ದುದರಿಂದ ಪಾಪ, ಅವರಿಗೆ ಸರದಿಯೇ ಬರುತ್ತಿರಲಿಲ್ಲ. ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ಅಂಜಿಕೆಯಂತೂ ಮೊದಲೇ ಇರಲಿಲ್ಲ. ಊರಿಗೆ ಬಂದ ತಹಸೀಲ್ದಾರರನ್ನೇ "ಏನ್ ಮಗ, ಇಂಗೆ ಸಣ್ಗಾಗಿದ್ದೀಯೆ?" ಎಂದು ಕೆನ್ನೆ ಸವರಿ ಮಾತಾಡಿಸಿದ ಹೆಂಗಸು!

ಇಷ್ಟಕ್ಕೆಲ್ಲ ಕಾರಣ ನಾನು. ತೊಂಬತ್ತರ ದಶಕದ ಆ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿಬಿಟ್ಟೆ. ನಮ್ಮೂರಲ್ಲಿ ಹೆಣ್ಣುಮಕ್ಕಳು ಅಲ್ಲಿಯವರೆಗೆ ಪಾಸೇ ಆಗಿರಲಿಲ್ಲ, ಯಾಕೆಂದರೆ ಪರೀಕ್ಷೆಗೇ ಕೂತಿರಲಿಲ್ಲ. ಹೆಡ್ಮಾಸ್ತರರು ಅಪ್ಪನನ್ನು ಕಾಡಿ ಬೇಡಿ ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ಸೀಟನ್ನೂ ಮಾಡಿಸಿದರು. ಹೋಗುವುದು ಹೇಗೆ? ನಾಗಮಂಗಲದಿಂದ ಮೈಸೂರಿಗೆ ಹೋಗುವ ಕೆಂಪು ಬಸ್ಸು ಬೆಳಿಗ್ಗೆ ಏಳೂವರೆಗೆ ನಮ್ಮೂರ ದಾರಿ ಕೂಡುವ ಗೇಟಿನ ಮುಂದೆಯೇ ಹೋಗುತ್ತಿತ್ತು. ಹೋಗುತ್ತಿತ್ತು ಅಷ್ಟೇ, ನಿಲ್ಲುತ್ತಿರಲಿಲ್ಲ! ನಿಲ್ಲುವುದು ಮೂರು ಮೈಲಿ ಆಚೆಗೆ.

"ಕಬ್ಬಿನ ಗದ್ದೆ ನಡ್ವೆ ಮೂರು ಮೈಲಿ ಎಣ್ಮಗ ಒಂದೇ ನಡ್ಕಂಡ್ ಓಗಾದು ನಂಗೆ ಒಪ್ಪಿಗೆ ಇಲ್ಲ," ಅಂದರು ಅಪ್ಪ. "ಬಸ್ಸು ಗೇಟಲ್ಲಿ ನಿಂತ್ರೆ ಓಗ್ಲಿ. ಕಾಲೇಜು ಸುರುವಾಗೋ ಒತ್ಗೆ ನಿಲ್ದೇ ಓದ್ರೆ, ಗಂಡು ನೋಡಾದೇಯ."

ನಾನು ಹಿತ್ತಲಿಗೆ ಹೋಗಿ ಅತ್ತೆ. ದೊಡ್ಡವ್ವ ಹಿಂದೆಯೇ ಬಂದಳು. "ಅಳ್ಬೇಡ ಬುಡು ಮಗ. ಬಸ್ಸು ನಿಲ್ಸೋದೇನ್ ಮಾ ದೊಡ್ ಕೆಲ್ಸ?"

ಮಾರನೇ ದಿನ ಗೇಟಿಗೆ ಹೋಗಿ ರಸ್ತೆ ಮಧ್ಯ ನಿಂತು ಎರಡೂ ಕೈ ಎತ್ತಿದಳು. ಬಸ್ಸು ಬಂತು. ಡ್ರೈವರು ಪಕ್ಕಕ್ಕೆ ತಿರುಗಿಸಿ, ತಾನೂ ಒಂದು ಕೈ ಎತ್ತಿ ನಮಸ್ಕಾರ ಹೇಳಿ ಹೊರಟುಹೋದ! ಮೂರು ದಿನ ಹೀಗೇ ನಮಸ್ಕಾರ ವಿನಿಮಯವಾದ ಮೇಲೆ ದೊಡ್ಡವ್ವ ನನ್ನನ್ನು ಕರೆದುಕೊಂಡು ಸೀದಾ ಬಸ್ ಡಿಪೋಗೆ ಹೋದಳು.

ಅಲ್ಲಿದ್ದ ಗುಮಾಸ್ತರು ಒಳ್ಳೆಯವರು. "ಕೋರಿಕೆ ನಿಲುಗಡೆ ಬೇಕು ಅಂದ್ರೆ ಎಮ್ಮೆಲ್ಲೆ ಲೆಟ್ರು ಬೇಕಮ್ಮ," ಅಂದರು.

"ಯಾವ್ ಎಮ್ಮೆಲ್ಲೆದು?"

ಅಲ್ಲಿ ಶುರುವಾಯಿತು ನೋಡಿ ಫಜೀತಿ! ನಮ್ಮೂರು ಗಡಿಯಲ್ಲಿದೆ. ಬಸ್ಸು ಹೊರಡುವುದು ನಾಗಮಂಗಲದಿಂದ. ಗೇಟಿನ ರಸ್ತೆ ಪಾಂಡವಪುರಕ್ಕೆ ಸೇರಿದ್ದು. ನಾವು ಓಟು ಹಾಕುವುದು ಕೆ.ಆರ್. ಪೇಟೆಗೆ. ಕಾಲೇಜು ಇರುವುದು ಶ್ರೀರಂಗಪಟ್ಟಣದಲ್ಲಿ. ಗುಮಾಸ್ತರು ತಲೆ ಕೆರೆದುಕೊಂಡರು, ಲೋಟದಲ್ಲಿ ಆರುತ್ತಿದ್ದ ಟೀ ನೋಡಿದರು, ಕೊನೆಗೆ ನಮ್ಮನ್ನು ಸಾಗಹಾಕಿದರೆ ಸಾಕೆಂದು, "ಒಂದ್ ಕೆಲ್ಸ ಮಾಡಿ, ನಾಲ್ಕೂ ಜನದ ಸೈನು ತಂದ್ಬಿಡಿ. ಆಮೇಲೆ ಯಾರೂ ತಕರಾರು ತೆಗೆಯೋ ಹಾಗಿಲ್ಲ," ಅಂದರು. ತಮಾಷೆಗೆ ಅಂದದ್ದು! ದೊಡ್ಡವ್ವ ಅದನ್ನು ಸರ್ಕಾರದ ಆದೇಶ ಎಂದೇ ತಿಳಿದಳು. ಬಸ್ಸಲ್ಲಿ ಬರುವಾಗ ನಾಲ್ಕು ಬೆರಳು ಮಡಚಿ ಮಡಚಿ ಬಿಚ್ಚುತ್ತಿದ್ದಳು.

ಅರ್ಜಿ ನಾನೇ ಬರೆದೆ, ದುಂಡಗೆ, ಅಂಚು ಬಿಟ್ಟು. ಬೆಳಗಿನ ಆರಕ್ಕೇ ಒಬ್ಬ ಎಮ್ಮೆಲ್ಲೆಯ ಮನೆ ಮುಂದೆ ಹೋಗಿ ನಿಂತೆವು. ನಮಗಿಂತ ಮುಂಚೆ ಅರವತ್ತು ಜನ! ಒಂಬತ್ತಕ್ಕೆ ಅವರು ಹೊರಗೆ ಬಂದು, ಎಲ್ಲರಿಗೂ ಒಟ್ಟಿಗೆ ಕೈ ಮುಗಿದು, ಮದುವೆಯೊಂದಕ್ಕೆ ಹೊರಟೇಬಿಟ್ಟರು. ಸಾಲಿನಲ್ಲಿದ್ದವರಿಗೆ ಉಪ್ಪಿಟ್ಟು ಕೊಟ್ಟರು. ಚೆನ್ನಾಗಿತ್ತು ಅನ್ನಿ. ಆದರೆ ಉಪ್ಪಿಟ್ಟು ತೋರಿಸಿದರೆ ಬಸ್ಸು ನಿಲ್ಲುತ್ತದೆಯೇ?

ದೊಡ್ಡವ್ವ ಸುಮ್ಮನೆ ಕೂತಿರಲಿಲ್ಲ, ಎಲ್ಲ ನೋಡಿಕೊಂಡಿದ್ದಳು. "ನೋಡ್ದಾ ಮಗ? ಅರ್ಜಿ ತಂದೋರೆಲ್ಲ ಬಿಸ್ಲಲ್ಲಿ ನಿಂತವ್ರೆ. ಲಗ್ನಪತ್ರಿಕೆ ತಂದೋರ್ನ ಒಳೀಕ್ ಕರ್ದು ಕಾಪಿ ಕೊಡ್ತಾವ್ರೆ. ಈ ಎಮ್ಮೆಲ್ಲೆಗೋಳು ಮನೇಲಿ ಸಿಗಾಕಿಲ್ಲ ಕಣವ್ವ. ಬೆಂಗ್ಳೂರಲ್ಲಿರ್ತಾರೆ, ಇಲ್ದೇ ಓದ್ರೆ ಕಾರಲ್ಲಿರ್ತಾರೆ. ಅಲ್ಲಾಡ್ದಂಗೆ ಕುಂತ್ಕಳಾದು ಅಂದ್ರೆ ಎಲೆ ಮುಂದ್ಗಡೆ ಮಾತ್ರ!"

ಎಂಥ ಸಂಶೋಧನೆ! ನಮ್ಮ ಕಡೆ ಯಾವ ಬೀಗರೂಟಕ್ಕೂ, ಅಂದರೆ ಮದುವೆ ಮುಗಿದ ಮೇಲಿನ ಬಾಡೂಟಕ್ಕೂ, ಎಮ್ಮೆಲ್ಲೆ ಬರದೆ ಇರುವುದಿಲ್ಲ. ಬಂದವರು ಉಣ್ಣದೆ ಹೋದರೆ ಮುಂದಿನ ಎಲೆಕ್ಷನ್ನಿನವರೆಗೂ ಆ ಮಾತು ಉಳಿಯುತ್ತದೆ. ಕೂತ ಮೇಲೆ ಎಲೆ ಬಿಟ್ಟು ಏಳುವಂತಿಲ್ಲ.

ಸರಿ, ನಾಗಮಂಗಲದ ಹತ್ತಿರ ಒಂದು ಬೀಗರೂಟಕ್ಕೆ ಹೋದೆವು. ನಮ್ಮನ್ನು ಯಾರೂ ಕರೆದಿರಲಿಲ್ಲ. ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆಯವರು, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆಯವರು! ನನಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು. ದೊಡ್ಡವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು, ಬಡಿಸುವವರ ಜೊತೆ ಸೇರಿ, ಊಟಕ್ಕೆ ಕೂತ ಎಮ್ಮೆಲ್ಲೆಯ ಮುಂದೆ ಅರ್ಜಿ ಹಿಡಿದಳು. ಅವರು ಮುದ್ದೆ ಮುರಿಯುತ್ತಾ, "ಆಗ್ಲವ್ವ, ಮಾಡ್ಸಣ. ಕೈ ತೊಳ್ಕಬುಟ್ಟು ಸೈನ್ ಆಕ್ತೀನಿ ಇರು," ಅಂದರು. ಕೈ ತೊಳೆಯಲು ಹೋದವರು ಅತ್ತ ಕಡೆಯಿಂದಲೇ ಕಾರು ಹತ್ತಿದರು. ಪಾಪ, ಇನ್ನೂ ಐದು ಕಡೆ ಉಣ್ಣುವುದಿತ್ತಂತೆ!

"ತೆಪ್ಪು ನಂದೇಯ," ಅಂದಳು ದೊಡ್ಡವ್ವ. "ಕೈ ಮುದ್ದೇಲಿದ್ರೆ ಸೈನ್ ಆಕಾದು ಎಂಗೆ? ಕೈ ಇಕ್ಕಾಕೆ ಮುಂಚೆ ಇಡೀಬೇಕು."

ಮುಂದಿನ ವಾರ ಅದೇ ಕಡೆ ಇನ್ನೊಂದು ಬೀಗರೂಟ, ಅದೇ ಎಮ್ಮೆಲ್ಲೆ. ಎಲೆ ಹಾಕಿದರು, ಉಪ್ಪು ಇಟ್ಟರು, ಹೊಗೆಯಾಡುವ ಮುದ್ದೆ ಬಂತು. ಸಾರಿನ ಬಕೆಟ್ಟು ಯಾರ ಕೈಯಲ್ಲಿದೆ? ನಮ್ಮ ದೊಡ್ಡವ್ವನ ಕೈಯಲ್ಲಿ! ಬಂದಳು, ನಿಂತಳು, ಬಾಡಿನ ಸಾರಿನಲ್ಲಿ ಸೌಟು ಮುಳುಗಿಸಿ, ಎತ್ತಿ, ಎಲೆಯ ಮೇಲೆ ಗಾಳಿಯಲ್ಲೇ ಹಿಡಿದು ನಿಲ್ಲಿಸಿಬಿಟ್ಟಳು.

"ಉಯ್ಯವ್ವ," ಅಂದರು ಎಮ್ಮೆಲ್ಲೆ.

"ಸೈನ್ ಆಕಿ ಸಾಮಿ, ಉಯ್ತೀನಿ."

"ಊಟ ಆಗ್ಲಿ ತಡೀ ತಾಯಿ."

"ಓದ್ವಾರ ಅಂಗೇ ಅಂದ್ರಿ. ನಾನು ಈ ಮಗೀನ ಕರ್ಕಂಡು ನಿಮ್ ಕಾರಿನ ದೂಳು ನೋಡ್ಕಂಡು ನಿಂತಿದ್ದೆ."

ಸಾರಿಲ್ಲದೆ ಮುದ್ದೆ ಇಳಿಯುತ್ತದೆಯೇ? ಎಮ್ಮೆಲ್ಲೆಯದಾದರೂ ಗಂಟಲು ಗಂಟಲೇ ತಾನೆ! ಇನ್ನೊಂದು ತಮಾಷೆ ಅಂದರೆ, ಆ ಸಾಲಿಗೆಲ್ಲ ಇದ್ದದ್ದು ಅದೊಂದೇ ಬಕೆಟ್ಟು. ಇವರ ಎಲೆ ದಾಟಿದ ಮೇಲೇ ಉಳಿದವರಿಗೆ. ನಲವತ್ತು ಜನ ಒಣ ಮುದ್ದೆ ಮುಂದಿಟ್ಟುಕೊಂಡು ಕೂತಿದ್ದಾರೆ. ಮೊದಲು ಯಾರೋ ಕೆಮ್ಮಿದರು. ಆಮೇಲೆ ಸಾಲಿನ ಕೊನೆಯಿಂದ ಒಬ್ಬ ಕೂಗಿದ: "ಸೈನ್ ಆಕ್ಬುಡಿ ಅಣ್ಣೋ, ಮುದ್ದೆ ತಣ್ಗಾಯ್ತದೆ!" ಅಷ್ಟೇ, ಇಡೀ ಸಾಲು "ಆಕ್ಬುಡಿ, ಆಕ್ಬುಡಿ" ಅಂತ ಶುರು ಮಾಡಿತು. ಎಮ್ಮೆಲ್ಲೆ ಬಿದ್ದು ಬಿದ್ದು ನಕ್ಕರು. ನನ್ನ ಕೈಯಿಂದ ಪೆನ್ನು ತಗೊಂಡು, "ಕೂಡಲೇ ನಿಲುಗಡೆ ಕೊಡುವುದು" ಎಂದು ಅಂಚಿನಲ್ಲಿ ಬರೆದು ಸೈನು ಎಳೆದರು. ದೊಡ್ಡವ್ವ ಎರಡು ಸೌಟು ಸಾರು ಹುಯ್ದು, ಹುಡುಕಿ ಹುಡುಕಿ ನಾಲ್ಕು ತುಂಡು ಹೆಚ್ಚಾಗಿಯೇ ಹಾಕಿದಳು. ಅವಳು ಜಿಪುಣಿಯಲ್ಲ.

ಎರಡನೆಯದು ಪಾಂಡವಪುರದ ಕಡೆ ಇನ್ನೂ ಸಲೀಸು. ಮೂರನೆಯದಂತೂ ಕೇಳಲೇಬೇಡಿ. ಕೆ.ಆರ್. ಪೇಟೆಯ ಬೀಗರೂಟದಲ್ಲಿ ದೊಡ್ಡವ್ವ ಬಕೆಟ್ಟು ಎತ್ತಿಕೊಂಡು ಬರುವುದನ್ನು ದೂರದಿಂದ ಕಂಡವರೇ ಎಮ್ಮೆಲ್ಲೆ ಪೆನ್ನು ತೆಗೆಯಲು ಜೇಬಿಗೆ ಕೈ ಹಾಕಿದರು! ಸುದ್ದಿ ಅವರಿಗಾಗಲೇ ತಲುಪಿತ್ತು. "ತತ್ತಾರವ್ವ ನಿನ್ ಅರ್ಜಿಯ. ಮೊದ್ಲು ಸೈನು, ಆಮೇಲ್ ಸಾರು, ಅಲ್ವಾ?" ಎಂದು ತಾವೇ ಕೈ ಚಾಚಿದರು. ಅಷ್ಟು ಹೊತ್ತಿಗೆ ನನ್ನ ದುಂಡು ಅಕ್ಷರದ ಅರ್ಜಿಯ ಮೇಲೆ ಎರಡು ಎಣ್ಣೆ ಕಲೆ, ಒಂದು ಕೊತ್ತಂಬರಿ ಎಲೆ ಅಂಟಿಕೊಂಡಿದ್ದವು.

ಮೂರಾಯಿತು. ನಾಲ್ಕನೆಯದಕ್ಕೆ ಬಂದು ಸಿಕ್ಕಿಹಾಕಿಕೊಂಡೆವು. ಶ್ರೀರಂಗಪಟ್ಟಣದ ಎಮ್ಮೆಲ್ಲೆ ಹೊರಗೆ ಉಣ್ಣುತ್ತಿರಲಿಲ್ಲ! ಯಾವ ಮದುವೆಗೆ ಹೋದರೂ ಅಕ್ಷತೆ ಹಾಕಿ, ಒಂದು ಲೋಟ ಮಜ್ಜಿಗೆ ಕುಡಿದು ಹೊರಟರೆ ಮುಗಿಯಿತು. ಮಜ್ಜಿಗೆ ಹಿಡಿದಿಟ್ಟುಕೊಂಡು ಯಾರನ್ನು ಹೆದರಿಸುವುದು? ಸಾಲದ್ದಕ್ಕೆ ಆಷಾಢ ಬಂತು. ಮದುವೆಯಿಲ್ಲ, ಬೀಗರೂಟವಿಲ್ಲ. ತಿಥಿಯೂಟವನ್ನು ಅವರೂ ಬೇಡ ಅನ್ನಲಾರರು, ಇನ್ನು ಅದೊಂದೇ ಗತಿ. ದೊಡ್ಡವ್ವ ಊರಿನ ಮುದುಕರನ್ನು ಯೋಚನೆ ಮಾಡುತ್ತಾ ನೋಡತೊಡಗಿದಳು. ತೊಂಬತ್ತು ದಾಟಿದ ಪಕ್ಕದ ಮನೆ ಅಜ್ಜ ಜಗಲಿಯಿಂದ ಎದ್ದೇ ಹೋದರು: "ನನ್ ಕಡೀಕೆ ಯಾಕವ್ವ ಅಂಗ್ ನೋಡೀಯೆ? ನಾನ್ ಗಟ್ಟಿಯಾಗಿವ್ನಿ ಕಣವ್ವೋ!"

ಕಾಲೇಜು ಶುರುವಾಗಲು ಎಂಟು ದಿನ ಉಳಿಯಿತು. ಅಪ್ಪ ಆಗಲೇ ಯಾರನ್ನೋ ಮನೆಗೆ ಕರೆಸಿ ಪಡಸಾಲೆಯಲ್ಲಿ ಪಿಸಪಿಸ ಅನ್ನುತ್ತಿದ್ದರು. ನಾನು ಊಟ ಬಿಟ್ಟೆ. ದೊಡ್ಡವ್ವ ಮೂರನೇ ದಿನ ಬೆಳಿಗ್ಗೆ, "ಏಳು, ಪಾಂಡವಪುರಕ್ ಓಗಣ," ಅಂದಳು. ಹೋದದ್ದು ಪ್ರಿಂಟಿಂಗ್ ಪ್ರೆಸ್ಸಿಗೆ.

"ಒಂದ್ ಲಗ್ನಪತ್ರಿಕೆ ಅಚ್ಚಾಕ್ಬೇಕು."

"ಆಷಾಡ್ದಲ್ಲಾ?" ಅಂದರು ಪ್ರೆಸ್ಸಿನವರು. "ಗಂಡಿನ ಎಸ್ರೇನಮ್ಮ?"

"ನಾಗಮಂಗ್ಲದ್ ಬಸ್ಸು ಅಂತ ಆಕು."

ನಾನು ಅಲ್ಲೇ ಭೂಮಿಗಿಳಿದುಹೋದೆ! ನೋಡನೋಡುತ್ತಾ ಗಣಪತಿ ಚಿತ್ರ, ಹಳದಿ ಕಾಗದ, ಕೆಂಪು ಅಕ್ಷರ, ಎಲ್ಲ ತಯಾರಾಯಿತು. ಅವಳು ಹೇಳಿದಳು, ನಾನು ಅಳುತ್ತಾ ನಗುತ್ತಾ ಬರೆದುಕೊಟ್ಟೆ: "ನಮ್ಮ ಮನೆಯ ಮಗಳನ್ನು ಕಾಲೇಜಿಗೆ ಕರೆದುಕೊಂಡು ಹೋಗಲು, ಪ್ರತಿದಿನ ಬೆಳಿಗ್ಗೆ ಏಳೂವರೆಯ ಶುಭಮುಹೂರ್ತದಲ್ಲಿ, ನಮ್ಮೂರ ಗೇಟಿನಲ್ಲಿ ನಾಗಮಂಗಲದ ಬಸ್ಸು ನಿಲ್ಲುವಂತೆ ಮೂವರು ಎಮ್ಮೆಲ್ಲೆಯವರು ನಿಶ್ಚಯಿಸಿರುವುದರಿಂದ, ತಾವೂ ದಯಮಾಡಿ ಸೈನು ಹಾಕಿ ಆಶೀರ್ವದಿಸಬೇಕಾಗಿ ವಿನಂತಿ. ಸೈನೇ ಉಡುಗೊರೆ."

ಶ್ರೀರಂಗಪಟ್ಟಣದಲ್ಲಿ ಎಮ್ಮೆಲ್ಲೆ ಮನೆ ಮುಂದೆ ಎಂದಿನಂತೆ ಸಾಲು. ದೊಡ್ಡವ್ವ ತಟ್ಟೆಯಲ್ಲಿ ಅರಿಸಿನ ಕುಂಕುಮ, ಎಲೆ ಅಡಿಕೆ, ಮೇಲೆ ಪತ್ರಿಕೆ ಇಟ್ಟುಕೊಂಡು ಸಾಲಿನ ಪಕ್ಕದಲ್ಲೇ ರಾಣಿಯ ಹಾಗೆ ನಡೆದಳು. "ಆಷಾಢದಲ್ಲಿ ಲಗ್ನಪತ್ರಿಕೆಯಂತೆ!" ಎಂಬ ಸುದ್ದಿ ನಮಗಿಂತ ಮುಂಚೆ ಒಳಗೆ ಹೋಯಿತು. ಎಮ್ಮೆಲ್ಲೆ ತಾವೇ ಬಾಗಿಲಿಗೆ ಬಂದರು. "ಆಷಾಡ್ದಲ್ಲಿ ಮದ್ವೆ ಮಾಡೋ ಗಟ್ಟಿಗಿತ್ತಿ ಯಾರವ್ವಾ?" ಎಂದು ಪತ್ರಿಕೆ ತೆಗೆದು ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗು ತಡೆಯಲಾರದೆ! ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗ್ ಓದ್ತೀಯೇನವ್ವ?" ಅಂದರು. ನಾನು ತಲೆಯಾಡಿಸಿದೆ. ಅರ್ಜಿಗೆ ಸೈನು ಹಾಕಿ, ನಮ್ಮೆದುರಿಗೇ ಡಿಪೋಗೆ ಫೋನು ಮಾಡಿದರು. ನಮಗೆ ಕಾಫಿಯೂ ಸಿಕ್ಕಿತು.

ನಾಲ್ಕು ಸೈನು, ಎರಡು ಎಣ್ಣೆ ಕಲೆ, ಒಂದು ಕೊತ್ತಂಬರಿ ಎಲೆ! ಅದನ್ನು ಡಿಪೋದ ಮೇಜಿನ ಮೇಲೆ ಇಟ್ಟಾಗ ಆ ಗುಮಾಸ್ತರು ಎದ್ದು ನಿಂತರು. "ನಾನು ತಮಾಷೆಗೆ ಹೇಳಿದ್ದೆ ಕಣಮ್ಮ, ಒಂದು ಸಾಕಾಗಿತ್ತು," ಅಂದರು. ದೊಡ್ಡವ್ವ ಅವರನ್ನು ದುರುಗುಟ್ಟಿಕೊಂಡು ನೋಡಿ, "ಇರ್ಲಿ ಬುಡಿ. ಉಳ್ದ ಮೂರನ್ನ ಇನ್ಯಾವ್ದಕ್ಕಾದ್ರೂ ಮಡಿಕ್ಕಳಿ," ಅಂದಳು.

ಕಾಲೇಜಿನ ಮೊದಲ ದಿನ ಊರಿಗೆ ಊರೇ ಗೇಟಿನಲ್ಲಿ. ಏಳೂವರೆಗೆ ಬಸ್ಸು ಕಾಣಿಸಿತು. ಹತ್ತಿರ ಬಂತು. ನಿಂತಿತು ಕಣ್ರೀ, ನಿಂತಿತು! ಶಿಳ್ಳೆಯೇನು, ಕೂಗೇನು! ದೊಡ್ಡವ್ವ ಚಕ್ರಕ್ಕೆ ಕಾಯಿ ಒಡೆದು, ಡ್ರೈವರಿಗೆ ಕುಂಕುಮವಿಟ್ಟು, "ಇಷ್ಟ್ ದಿನ ಕೈ ಎತ್ತಿದ್ಯಲ್ಲ, ಈಗ ಕಾಲೂ ಎತ್ಲಾ, ಬಿರೇಕ್ ಮೇಲಿಕ್ಕು, ದಿನಾಲೂವೆ," ಅಂದಳು. ಅಪ್ಪ ಮುಖ ಆ ಕಡೆ ತಿರುಗಿಸಿ, ಪಂಚೆ ಅಂಚಿನಿಂದ ಮೂಗು ಒರೆಸಿಕೊಂಡು, ಟಿಕೆಟ್ಟಿಗೆ ಅಂತ ನನ್ನ ಕೈಗೆ ಚಿಲ್ಲರೆ ತುರುಕಿದರು. ನಾನು ಹತ್ತಿದೆ. ಹಿಂದೆಯೇ ದೊಡ್ಡವ್ವನೂ ಹತ್ತಿದಳು!

"ನಿಮಗೆಲ್ಲಿಗಮ್ಮ?" ಅಂದ ಕಂಡಕ್ಟರು.

"ಕಾಲೇಜ್ಗೆ!"

ಬೇಡವೆಂದರೆ ಕೇಳುವವಳೇ? ಕಾಲೇಜಿನವರೆಗೂ ಬಂದಳು, ಕ್ಲಾಸಿನೊಳಕ್ಕೂ ಬಂದಳು, ಹುಡುಗಿಯರ ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಲೆಕ್ಚರರು ಬಂದು ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗಿದರು. ನನ್ನದಾಯಿತು, ಎಲ್ಲರದೂ ಆಯಿತು. ತಲೆ ಎತ್ತಿದವರಿಗೆ ಇವಳು ಕಂಡಳು. ದೊಡ್ಡವ್ವ ಎದ್ದು ನಿಂತಳು. "ನೀವು ಪಾಟ ಮಾಡಿ ಸಾಮಿ. ನಾನು ಇಸ್ಕೂಲ್ ಒಳೀಕೆ ಯಾವತ್ತೂ ಬಂದಿರ್ನಿಲ್ಲ. ಒಸಿ ಕುಂತಿದ್ದು ಎದ್ದೋಯ್ತೀನಿ," ಅಂದಳು.

ಲೆಕ್ಚರರು ಹಾಜರಿ ಪುಸ್ತಕವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನು ಕೈಗೆತ್ತಿಕೊಂಡು, "ನಿಮ್ಮ ಹೆಸರು ಹೇಳಿ," ಅಂದರು.

ದೊಡ್ಡವ್ವನನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಷ್ಟು ದೊಡ್ಡ ಗಂಟಲಿನವಳು ಸೆರಗು ಸರಿಮಾಡಿಕೊಂಡು, ಯಾವುದೋ ಪುಟ್ಟ ಹುಡುಗಿಯ ದನಿಯಲ್ಲಿ ಹೇಳಿದಳು. ಅವರು ಎಲ್ಲರ ಹೆಸರಿನ ಕೆಳಗೆ ಅದನ್ನೂ ಬರೆದುಕೊಂಡರು, ಮಿಕ್ಕವರಿಗೆ ಕೂಗಿದ ಹಾಗೆಯೇ ಗಟ್ಟಿಯಾಗಿ ಕೂಗಿದರು.

"ಬಂದಿವ್ನಿ ಸಾಮಿ," ಅಂದಳು ದೊಡ್ಡವ್ವ.

ಹುಡುಗರೆಲ್ಲ ನಕ್ಕರು. ಅವಳೂ ನಕ್ಕಳು. ಆಮೇಲೆ ಕೂತು, ಬೆಂಚಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ಗಂಟೆ ಹೊಡೆಯುವವರೆಗೂ ಬಿಡಲಿಲ್ಲ.