ಗಾಡಿ ಏರಿದ ದೋಣಿ

ನಮ್ಮ ದೋಣಿ ನಟ್ಟ ಹೊಳ್ಯಾಗ ಎಂದೂ ಫಜೀತಿ ಮಾಡಲಿಲ್ಲ. ಫಜೀತಿ ಎಲ್ಲಾ ದಂಡಿ ಮ್ಯಾಲೆ, ಅದು ಗಾಡಿ ಏರೂವಾಗ, ಇಳಿಯೂವಾಗ. ಅಂಬಿಗನ ಹೆಂಡ್ತಿಯಾಗಿ ನಾ ನೋಡಿದಷ್ಟು ಫಜೀತಿ ಯಾರೂ ನೋಡಿರಲಿಕ್ಕಿಲ್ಲ.

ಆಗ ಸಂಸ್ಥಾನದ ಕಾಲ. ಇಚಲಕರಂಜಿ ಹತ್ರದ ನಮ್ಮ ಊರಾಗ ಪಂಚಗಂಗಾ ದಾಟಾಕ ಸೇತುವೆ ಇರಲಿಲ್ಲ, ನಮ್ಮನಿಯವರ ದೋಣಿನ ಗತಿ. ಮಳಿಗಾಲದಾಗ ಅದನ್ನ ನೀರಾಗ ಬಿಟ್ರ ಹೊಳಿ ಒಯ್ದು ಬಿಡ್ತಿತ್ತು. ಅದಕ್ಕ ಸಂಜಿಗೆ ಒಂದು ಗಿಡ್ಡ ಗಾಡಿ ಮ್ಯಾಲೆ ಏರಿಸಿ, ಎತ್ತು ಹೂಡಿ, ದಂಡಿ ಮ್ಯಾಲೆ ಎಳಕೊಂಡು ಬರೂದು. ಮುಂಜಾನೆ ಮತ್ತ ಇಳಿಸೂದು. ಆ ಗಾಡಿ ಮ್ಯಾಲೆ ನಮ್ಮನಿಯವರಿಗೆ ನನಗಿಂತ ಒಂದ ಗುಂಜಿ ಪ್ರೀತಿ ಜಾಸ್ತಿನ ಇತ್ತು.

೧. ಕೀಲೆಣ್ಣಿ

ಗಾಲಿ ಹಗೂರ ತಿರಗಲಿ ಅಂತ ಔಡಲೆಣ್ಣ್ಯಾಗ ಹುಲ್ಲು ಸುಟ್ಟ ಮಸಿ ಕಲಸಿದ ಕೀಲೆಣ್ಣಿ ಅಚ್ಚಿಗೆ ಹಚ್ಚತಿದ್ವಿ. ಒಂದಿನ ಬಾಜೂ ಮನಿ ಜೈನರ ಅಜ್ಜಿ ಬಂದ್ರು.

"ತಲಿ ಉರಿಯಾಕತ್ತೈತಿ ತಂಗಿ, ಒಂದೀಟು ಔಡಲೆಣ್ಣಿ ಕೊಡ."

ನನ್ನ ಕೈ ಹಿಟ್ಟಿನಾಗ ಇದ್ದುವು. "ಜಗಲಿ ಮ್ಯಾಲಿನ ಗಡಗ್ಯಾಗ ಐತ್ರಿ, ತಗೊಳ್ರಿ" ಅಂದೆ. ಅಜ್ಜಿ ಕಣ್ಣು ಮಂಜು. ಬಾಜೂದಾಗಿದ್ದ ಕೀಲೆಣ್ಣಿ ಗಡಗಿಗೆ ಕೈ ಹಾಕಿದ್ರು.

ಮರುದಿನ ಕೀಲೆಣ್ಣಿ ಗಡಗಿ ಅರ್ಧಾ ಖಾಲಿ ಆಗಿದ್ದು ನೋಡಿ ನಮ್ಮನಿಯವರು ಗಾಬರಿ ಆದ್ರು. ಅಜ್ಜಿ ಬೈತಾರ ಅಂತ ಹೆದರಿಕೋತ ಹೋದ್ವಿ. ಹಾಲಿನಂಗ ಬೆಳ್ಳಗಿದ್ದ ತಲಿ ಕರ್ರಗ ಮಿಂಚಾಕತ್ತಿತ್ತು. ಹಣಿ ಮ್ಯಾಲೂ ಒಂದು ಗೆರಿ ಇಳದಿತ್ತು.

"ತಪ್ಪಾತ್ರಿ ಅಜ್ಜಿ, ಅದು ಗಾಡಿದು..."

"ಸುಮ್ನಿರ ತಂಗಿ," ಅಜ್ಜಿ ದನಿ ತಗ್ಗಿಸಿ ಬಟ್ಟಲ ಮುಂದ ಹಿಡದ್ರು. "ಎಷ್ಟೋ ವರ್ಷದ ಮ್ಯಾಲೆ ನಮ್ಮ ಮುದುಕ ಇವತ್ತ ಚಾ ಕುಡಿಯೂದ ಬಿಟ್ಟು ನನ್ನ ಮಾರಿ ನೋಡ್ಯಾನ. ಇನ್ನೊಂದೀಟು ಹಾಕ."

೨. ಸರೀ ಹೊತ್ತಿಗೆ

ದೋಣಿ ಗಾಡಿಯಿಂದ ಸರಾಗ ಜಾರಲಿ ಅಂತ ನಮ್ಮನಿಯವರು ಒಮ್ಮೆ ಹಲಗಿಗೂ ಎಣ್ಣಿ ಬಳದ್ರು. ಕೈ ಧಾರಾಳ. ಮುಂಜಾನೆ ಗಾಡಿ ಹೊಳಿ ದಂಡಿಗೆ ಇಳಿಸಿ, ದೋಣಿ ಹಗ್ಗಾ ಬಿಚ್ಚಿ, ಎತ್ತಿಗೆ ನೀರು ಕುಡಸಾಕ ಹ್ವಾದ್ರು. ಅಷ್ಟರಾಗ ಮರಾಠಿ ಸಾಲಿ ಮಾಸ್ತರು ಬಂದು, ಛಲೋ ಜಾಗಾ ಹಿಡೀಬೇಕಂತ ಮೊದಲ ದೋಣಿ ಹತ್ತಿ, ಛತ್ರಿ ಬಿಚ್ಚಿ ಕುಂತ್ರು.

ಕುಂತಿದ್ದ ತಡ, ದೋಣಿ ಸರ್ರಂತ ಜಾರಿ ಹೊಳಿಗೆ ಇಳೀತು. ಮಾಸ್ತರು ಮುಂದ, ನಮ್ಮನಿಯವರು ಈಸಿಕೋತ ಹಿಂದ. ದಂಡಿ ಮ್ಯಾಲೆ ನಾ ಎತ್ತಿನ ಹಗ್ಗಾ ಹಿಡಕೊಂಡು ನಿಂತೆ. ಕಡೀಕ ನಮ್ಮನಿಯವರು ದೋಣಿ ಹಿಡದು ಹತ್ತಿ, "ಹೆದರಿದ್ರೇನ್ರಿ ಮಾಸ್ತರ?" ಅಂತ ಕೇಳಿದ್ರಂತ.

"ಹೆದರಿಕಿ ಯಾಕ? ಇವತ್ತರ ದೋಣಿ ಸರೀ ಹೊತ್ತಿಗೆ ಬಿಟ್ಟೀರಿ ಅಂತ ಖುಷಿ ಪಡಾಕತ್ತಿದ್ದೆ. ನೀವ ತಡಾ ಮಾಡಿ ಬಂದ್ರಿ!"

೩. ವರನ ಆರತಿ

ಆ ವರ್ಷದ ಕಡೇ ಮುಹೂರ್ತ. ಘಟ್ಟದ ಮ್ಯಾಲೆ ಮಳಿ ಆಗಿ ಹೊಳಿ ಕೆಂಪಗ ಏರಾಕತ್ತಿತ್ತು. ಇಚಲಕರಂಜಿ ಮಗ್ಗದವರ ಮನಿ ವರ ಈ ದಂಡಿಗೆ, ವಧು ಆ ದಂಡಿಗೆ. ವರನ ತಾಯಿ ಅಳಾಕತ್ತಿದ್ಲು: "ಅಣ್ಣಾ, ಹೊತ್ತು ಮೀರಿದ್ರ ಮುಂದ ಆರ ತಿಂಗಳು ಲಗ್ನ ಇಲ್ಲೋ!"

ಅಕಿ ಅಳೂದು ನಮ್ಮನಿಯವರಿಗೆ ನೋಡಾಕ ಆಗಲಿಲ್ಲ. ದೋಣಿ ಇನ್ನೂ ಗಾಡಿ ಮ್ಯಾಲೆ ಇತ್ತು. ಹಂಗ ಎಲ್ಲಾರನ್ನೂ ಹತ್ತಿಸಿ ಸೀದಾ ಹೊಳಿಗೆ ಎತ್ತು ಹೊಡದ್ರು. ಅವಸರದಾಗ ದೋಣಿನ ಗಾಡಿಗೆ ಕಟ್ಟಿದ ಹಗ್ಗಾ ಬಿಚ್ಚೂದ ಮರತ್ರು. ಧೈರ್ಯಕ್ಕಿರಲಿ ಅಂತ ನಾನೂ ವರನ ತಾಯಿ ಬಾಜೂ ಕುಂತಿದ್ದೆ.

ನೀರು ಏರಿದಂಗ ದೋಣಿ ತೇಲ್ತು, ಹೊಟ್ಟಿಗೆ ಕಟ್ಟಿದ ಗಾಡಿನೂ ಜೋತಾಡಿಕೋತ ಬಂತು. ಎತ್ತು ಈಸಾಕತ್ತಿದ್ವು. ವರನ ತಾಯಿ ಒಂದ ಸವನ ದೇವರ ಹೆಸರು, ನಾ ನಮ್ಮನಿಯವರ ಹೆಸರು. ಅಂತೂ ಆ ದಂಡಿ ಮುಟ್ಟಿದ್ವಿ. ಎತ್ತಿನ ಕಾಲಿಗೆ ನೆಲಾ ಹತ್ತಿದ್ದ ತಡ, ಹೆದರಿದ್ದ ಅವು ನಿಲ್ಲಲೇ ಇಲ್ಲ. ಗಾಡಿ, ದೋಣಿ, ಮಂದಿ, ಎಲ್ಲಾ ಎಳಕೊಂಡು ಸೀದಾ ಲಗ್ನದ ಹಂದರದ ಮುಂದ ನಿಂತ್ವು.

ವಾಲಗದವರು ಜೋರಲೆ ಊದಾಕ ಹತ್ತಿದ್ರು. ವಧುವಿನ ಅಜ್ಜಿ ಆರತಿ ತಾಟು ಹಿಡಕೊಂಡು ಓಡಿ ಬಂದ್ಲು. ಖರೇ ವರ ತಲಿ ತಿರಗಿ ದೋಣಿಯೊಳಗ ಮಲಗಿದ್ದ. ಮುಂದ ಕುಂತಿದ್ದು ನಮ್ಮನಿಯವರು. ಅಜ್ಜಿ ಅವರ ಹಣಿಗೆ ಕುಂಕುಮಾ ಹಚ್ಚಿ, ಆರತಿ ಬೆಳಗಿ, "ವರಗ ಸ್ವಲ್ಪ ವಯಸ್ಸಾಗೇತಿ, ಆದ್ರ ಗಟ್ಟಿ ಅದಾನ" ಅಂದ್ಲು.

"ಅಜ್ಜೀ, ಇವರಿಗೆ ಲಗ್ನ ಆಗೇತ್ರಿ! ಹೆಂಡ್ತಿ ನಾ ಇಲ್ಲೇ ಕುಂತೇನಿ!" ಅಂತ ಒದರಿದೆ.

ನಮ್ಮನಿಯವರು ಹಿಂದ ಹೊಳ್ಳಿ ಕಣ್ಣ ಹೊಡದ್ರು. "ತಡಿಯ, ಊಟಾ ಆದ ಮ್ಯಾಲೆ ಹೇಳೋಣು."