ರಾಯರ ಜಂಟಿ ವರದಿ

ಹಳಿ ತಪ್ಪಿದ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ ತಪ್ಪು ಯಾರದೆಂದು ಹೇಳಬಲ್ಲವನಿಗೆ ನಾಲ್ಕು ನಿಮಿಷದ ಹಾಡಿನ ವಿಡಿಯೊ ಯಾವ ಲೆಕ್ಕ! ಮಲ್ಕಾಜ್‌ಗಿರಿಯ ವಾಸುದೇವರಾಯರು ಹೀಗೆಂದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಮೂವತ್ತನಾಲ್ಕು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ ಮಹಾನುಭಾವರು. ಡ್ಯೂಟಿಯಲ್ಲಿ ತೂಕಡಿಸಿದ ಹನ್ನೊಂದು ಮಂದಿಗೆ ಚಾರ್ಜ್‌ಶೀಟ್ ಕೊಟ್ಟವರು. ನಿವೃತ್ತಿಯ ನಂತರವೂ ಹಗಲು ನಿದ್ದೆಯೆಂಬ ಪಾಪ ತಮ್ಮನ್ನು ಮುಟ್ಟಿಲ್ಲವೆಂದು ತರಕಾರಿಯವನಿಗೂ ಹೇಳಿಬಿಟ್ಟಿದ್ದರು.

ಕಾಚಿಗೂಡದ ಕನ್ನಡ ಬಳಗ ಒಂದು ಸ್ಪರ್ಧೆ ಇಟ್ಟಿತ್ತು. ಮನೆಯಲ್ಲೇ, ಮೊಬೈಲಿನಲ್ಲೇ ಹಾಡಿನ ವಿಡಿಯೊ ಮಾಡಬೇಕು. ಬಾಡಿಗೆಯ ದೀಪ ಕೂಡದು, ಯಂತ್ರದ ಸದ್ದು ಕೂಡದು. ಕ್ಯಾಮೆರಾ, ಬೆಳಕು, ಧ್ವನಿ ಮೂರನ್ನೂ ಪರೀಕ್ಷಿಸುವ ಹೊಣೆ ರಾಯರಿಗೆ ಬಂತು. ಬೇರೆ ಯಾರೂ ಒಪ್ಪಲಿಲ್ಲ ಎಂಬುದು ಬೇರೆ ಮಾತು. ರಾಯರು ಒಂದು ವಾರ ಯೂಟ್ಯೂಬಿನಲ್ಲಿ ಪಾಠ ಕೇಳಿದರು. ಆಮೇಲೆ ಊಟದ ತಟ್ಟೆಯನ್ನೂ ಬೆರಳಿನ ಚೌಕಟ್ಟಿನಲ್ಲಿ ನೋಡದೆ ತುತ್ತು ಎತ್ತುತ್ತಿರಲಿಲ್ಲ.

ರೈಲ್ವೆಯಲ್ಲಿ ಅಪಘಾತವಾದರೆ ಎಲ್ಲ ವಿಭಾಗದವರೂ ಸ್ಥಳಕ್ಕೆ ಬಂದು ಜಂಟಿ ವರದಿ ಬರೆಯುತ್ತಾರೆ. ತಪ್ಪು ಪಕ್ಕದ ವಿಭಾಗದ್ದೆಂದು ಪ್ರತಿಯೊಬ್ಬರೂ ಸಹಿ ಹಾಕುವ ಪವಿತ್ರ ಪದ್ಧತಿ ಅದು. ರಾಯರು ಹಾಡಿಗೂ ಅದನ್ನೇ ಹಚ್ಚಿದರು. ಮೂರು ವಿಭಾಗ, ಮೂವರ ಪರವಾಗಿಯೂ ಅವರದೇ ಸಹಿ. ಮೊದಲೇ ಸಂಶಯದ ಪ್ರಾಣಿ. ಹಾಲು ಒಡೆದರೆ ಎಮ್ಮೆಯ ಹೇಳಿಕೆ ಕೇಳುವವರು.

ಅವರ ಕಣ್ಣು ಕುಕ್ಕಿದ್ದು ಪೂರ್ವಿಯ ವಿಡಿಯೊ. ಪೂರ್ವಿ ಮೈಸೂರಿನವಳು, ಐಟಿ ಕೆಲಸ, ರಾಯರ ಮೇಲಿನ ಮಹಡಿಯಲ್ಲಿ, ಬಿಸಿಲೇ ಬಾರದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಳು. ಕಿಟಕಿಯ ಪಕ್ಕ ಕೂತು ತಾನೇ ಕಟ್ಟಿದ ಹಾಡು ಹಾಡಿದ್ದಳು. ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ರಾಯರಿಗೆ ಅನುಮಾನ.

ಎರಡನೇ ನಿಮಿಷಕ್ಕೆ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಆ ಕಿಟಕಿಯ ಮೂರನೇ ಸರಳು ಬಗ್ಗಿತ್ತು. ಅದನ್ನು ಕೂಲರ್ ಕೂಡಿಸುವಾಗ ಬಗ್ಗಿಸಿದ್ದು ಸಾಕ್ಷಾತ್ ರಾಯರೇ!

"ಶಾಮಲಾ, ನಮ್ಮ ಮನಿ ಕಿಡಕಿ ಇದರಾಗ ಹ್ಯಾಂಗ ಬಂತು?"

ಹೆಂಡತಿ ಶಾಮಲಾಬಾಯಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ, ಊರಾಗ ಸರಳು ಬಗ್ಗಿದ್ದು ನಮ್ಮೊಂದ ಮನಿ ಏನು ಅಂದರು. ಪರದೆಯೂ ನಮ್ಮದೇ ಎಂದು ರಾಯರು ತೋರಿಸಿದರು. ಬೇಗಂ ಬಜಾರದಲ್ಲಿ ಆ ಬಟ್ಟೆ ನಮಗೊಬ್ಬರಿಗೇ ಮಾರಿದ್ದಲ್ಲ ಎಂದರು ಆಕೆ. ಉತ್ತರ ಬಹಳ ಬೇಗ ಬಂತು. ತಯಾರಾಗಿ ಬಂದ ಸಾಕ್ಷಿ ಎಂದು ರಾಯರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

ಮುಂದೆ ಬೆಳಕಿನ ವಿಭಾಗ. ಸರಳಿನ ನೆರಳನ್ನು ಸ್ಕೇಲ್ ಹಿಡಿದು ಅಳೆದರು. ಪಶ್ಚಿಮದ ಬಿಸಿಲು, ಮಧ್ಯಾಹ್ನ ಮೂರು ಗಂಟೆ. ಅಲ್ಲಿಗೆ ತನಿಖೆ ಗೋಡೆಗೆ ಬಡಿಯಿತು. ಮೂರು ಗಂಟೆಗೆ ಆ ಕೋಣೆಯಲ್ಲಿ ರಾಯರು ದಿನಾ ಮಂಚದ ಮೇಲೆ ಎಚ್ಚರವಾಗಿ ಪೇಪರ್ ಓದುತ್ತಿರುತ್ತಾರೆ. ಅವರ ಕಣ್ಣೆದುರು ಒಬ್ಬಳು ಕೂತು ಹಾಡಿ ಹೋಗುವುದೆಂದರೇನು? ಸಾಧ್ಯವೇ ಇಲ್ಲ. ಅಂದಮೇಲೆ ಉಳಿದದ್ದು ಒಂದೇ: ಈ ಹುಡುಗಿ ಎಲ್ಲೋ ಸ್ಟುಡಿಯೊದಲ್ಲಿ ರಾಯರ ಮನೆಯ ನಕಲು ಸೆಟ್ ಹಾಕಿಸಿದ್ದಾಳೆ, ಬಗ್ಗಿದ ಸರಳಿನ ಸಮೇತ!

ಧ್ವನಿ ವಿಭಾಗದಲ್ಲಂತೂ ಕಳ್ಳತನ ಕೈಗೇ ಸಿಕ್ಕಿತು. ಹಾಡಿನ ಅಡಿಯಲ್ಲಿ ಒಂದು ಗಂಭೀರ ಶ್ರುತಿ. ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಒಂದು ಸಲವೂ ತಪ್ಪುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಹನ್ನೆರಡು ಸಲ ಕೇಳಿ ರಾಯರು ಕೆಂಪು ಶಾಯಿಯಲ್ಲಿ ಬರೆದರು: 'ಈ ಸದ್ದು ಮನುಷ್ಯಮಾತ್ರರಿಂದ ಹೊರಡತಕ್ಕದ್ದಲ್ಲ. ಯಂತ್ರ. ಬಹುಶಃ ಡೀಸೆಲ್.' ಅದರ ಕೆಳಗೆ ಮೂರು ಸಹಿ.

ಭಾನುವಾರ ಬೆಳಿಗ್ಗೆ ಬಳಗದ ಸಭೆಯಲ್ಲಿ ರಾಯರು ವರದಿಯನ್ನು ಗಟ್ಟಿಯಾಗಿ ಓದಿ, ಪೂರ್ವಿ ಸ್ಪರ್ಧೆಯಿಂದ ಹೊರಗೆ ಎಂದು ಘೋಷಿಸಿದರು. ಪೂರ್ವಿಯ ಕಣ್ಣು ತುಂಬಿತು.

"ಅಂಕಲ್, ನಾನು ಮೋಸ ಮಾಡಿಲ್ಲ. ಮನೇಲೇ ತೆಗೆದದ್ದು."

"ಯಾರ ಮನಿ? ಪುರಾವೆ ಏನೈತಿ?"

ಪೂರ್ವಿ ತನ್ನ ಫೋನು ನೋಡಿದಳು, ಆಮೇಲೆ ಮುಂದಿನ ಸಾಲಿನಲ್ಲಿದ್ದ ಶಾಮಲಾಬಾಯಿಯನ್ನು ನೋಡಿದಳು. ಶಾಮಲಾಬಾಯಿ ನಿಟ್ಟುಸಿರು ಬಿಟ್ಟು, ಪೂರಾ ವಿಡಿಯೊ ಹಚ್ಚವ್ವ ಎಂದು ತಲೆ ಆಡಿಸಿದರು.

ಕತ್ತರಿಸದ ಮೂಲ ವಿಡಿಯೊ ಪರದೆಯ ಮೇಲೆ ಬಂತು. ಕ್ಯಾಮೆರಾ ಬಾಗಿಲಿನಿಂದ ಮೆಲ್ಲಗೆ ಒಳಗೆ ಹೋಯಿತು. ಮೂರು ಹತ್ತು ತೋರಿಸುವ ಗಡಿಯಾರ, ಬಗ್ಗಿದ ಸರಳು, ಅದರ ಪಕ್ಕದಲ್ಲಿ ಮಂಚ. ಮಂಚದ ಮೇಲೆ ಅಂಗಾತ ರಾಯರು. ಮುಖದ ಮೇಲಿನ ಪೇಪರ್ ಆ ಗಂಭೀರ ಶ್ರುತಿಗೆ ಸರಿಯಾಗಿ ಏರಿ ಇಳಿಯುತ್ತಿತ್ತು. ಅಂಕಲ್ ಎದ್ದುಬಿಟ್ಟರೆ ಎಂದು ಪೂರ್ವಿ ಪಿಸುಗುಟ್ಟುವುದು ಕೇಳಿತು. ಅದರ ಹಿಂದೆ ಶಾಮಲಾಬಾಯಿಯ ದನಿ:

"ಏಳಂಗಿಲ್ಲ. ಚಹಾದ ವಾಸನಿ ಬರೂತನಕ ಬ್ಯಾಂಡ್ ಬಾರಿಸಿದ್ರೂ ಏಳಂಗಿಲ್ಲ. ನೀ ಹಾಡು."

ಸಭೆ ಬಿದ್ದು ಬಿದ್ದು ನಕ್ಕಿತು. ಚಾರ್ಜ್‌ಶೀಟ್ ತಿಂದ ಹನ್ನೊಂದು ಮಂದಿಯಲ್ಲಿ ಇಬ್ಬರು ಅಲ್ಲೇ ಇದ್ದರು, ಅವರಂತೂ ಕಣ್ಣೊರೆಸಿಕೊಂಡರು. ಪೇಪರ್ ಓದುತ್ತಿದ್ದೆ ಎಂದು ರಾಯರು ಗೊಣಗಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಭೂಮಿ ಬಾಯಿ ಬಿಡಲಿ ಅನಿಸಿತು ಅವರಿಗೆ.

ಅಧ್ಯಕ್ಷ ಸಾಬಣ್ಣನವರು ಹೇಗೋ ನಗು ತಡೆದು, ವರದಿಯಲ್ಲಿ ಯಂತ್ರ ಎಂದಿದೆ, ಹಾಗೇ ಬಿಟ್ಟರೆ ಹುಡುಗಿಗೆ ಬಹುಮಾನ ಕೊಡಲಾಗದು ಎಂದು ಸಂಕಟ ತೋಡಿಕೊಂಡರು. ರಾಯರು ಪೂರ್ವಿಯ ಮುಖ ನೋಡಿದರು. ಮಾಡಿದ್ದುಣ್ಣೋ ಮಹಾರಾಯ! ಹೊಸ ಹಾಳೆ ತರಿಸಿ, 'ಸದ್ದು ಮನುಷ್ಯನದೇ, ಮಲಗಿದ್ದವನು ನಾನೇ' ಎಂದು ಬರೆದು ಒಂದೇ ಸಹಿ ಹಾಕಿದರು. ಪೂರ್ವಿಗೆ ಮೊದಲ ಬಹುಮಾನ ಬಂತು. ಹಳೆಯ ವರದಿಯನ್ನು ಹರಿಯಲು ರಾಯರು ಕೈಗೆತ್ತಿಕೊಂಡದ್ದೇ ತಡ, ಶಾಮಲಾಬಾಯಿ ವೇದಿಕೆಗೆ ಬಂದು ಅದನ್ನು ಕಿತ್ತುಕೊಂಡು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡರು.

"ಇದನ್ನ ಹರೀಬ್ಯಾಡ್ರಿ. ಇದು ಮನುಷ್ಯಾರ ಸಪ್ಪಳ ಅಲ್ಲ ಅಂತ ಮೂವತ್ತೆರಡು ವರ್ಷದಿಂದ ನಾ ಬಾಯಿಲೆ ಹೇಳಾಕತ್ತೀನಿ. ಇವತ್ತ ನೀವ ಬರದು, ಮೂರು ಸಹಿ ಮಾಡಿ ಕೊಟ್ಟೀರಿ."