ಅಡುಗೆಮನೆಯಲ್ಲಿ ಸಿಕ್ಕ ನೀರು

ಕೇಳದೆ ಬರುವ ಸಲಹೆಗಳನ್ನು ಮರೆತುಬಿಡಬಹುದು; ಕೇಳಿ ಪಡೆದ ಸಲಹೆಯನ್ನು ಪಾಲಿಸಲೇಬೇಕಾಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮೂಕಂಡಪಲ್ಲಿಯಲ್ಲಿ ಮನೆ ಕಟ್ಟಿಸುವಾಗ ನನಗೆ ಇದು ಅರ್ಥವಾಯಿತು. ನಾನಾಗ ಪಕ್ಕದ ಹೊಸೂರಿನಲ್ಲಿ ಭೂಗೋಳದ ಮೇಷ್ಟ್ರು. ಬಾಡಿಗೆ ಮನೆಯ ಗಲಾಟೆಯಲ್ಲಿ ಉತ್ತರಪತ್ರಿಕೆ ತಿದ್ದಿ ಬೇಸತ್ತು, ಹೊಸ ಮನೆಯಲ್ಲಿ ನನಗೆಂದೇ ಓದುವ ಕೋಣೆಯೊಂದನ್ನು ಹಾಕಿಸಿದ್ದೆ. ಗೋಡೆಗಳು ಕಿಟಕಿಯ ಮಟ್ಟಕ್ಕೆ ಎದ್ದಿದ್ದವು. ನೀರಿನದೇ ತೊಂದರೆ. ಹಿತ್ತಲಲ್ಲಿ ತೋಡಿಸಿದ ಬಾವಿಗೆ ಬಂಡೆ ಅಡ್ಡ ಬಂದಿತ್ತು.

"ನೀರಿಲ್ದೆ ಗೃಹಪ್ರವೇಶ ಮಾಡೋದಾದ್ರೆ ನೀವೊಬ್ರೇ ಮಾಡ್ಕೊಳ್ಳಿ" ಎಂದಳು ಹೆಂಡತಿ ಸಾವಿತ್ರಿ.

ಅವಳ ತಮ್ಮ ಗೋಪಾಲ ಭೂವಿಜ್ಞಾನಿ. ಊರ ದೊಡ್ಡ ಕೆರೆಗೆ ನೀರು ಹರಿದುಬರುವ ನೆಲವನ್ನೆಲ್ಲ ಸುತ್ತಿ, ಅಡಿಯ ಕಲ್ಲನ್ನೂ ಅಂತರ್ಜಲವನ್ನೂ ಪರೀಕ್ಷಿಸುತ್ತಿದ್ದ. ಅವನನ್ನೇ ಕರೆಸಿದೆ.

"ಭಾವ, ಇಲ್ಲಿ ಅಡೀಲೆಲ್ಲಾ ಕಗ್ಗಲ್ಲು. ಬಿರುಕಿರೋ ಕಡೆ ಮಾತ್ರ ಕೆರೆ ನೀರು ಇಳ್ಕಂಡು ಬತ್ತದೆ" ಎಂದ.

ಕಬ್ಬಿಣದ ಗೂಟ ನೆಟ್ಟು, ತಂತಿ ಎಳೆದು, ಮೀಟರ್ ಪೆಟ್ಟಿಗೆಯ ಮುಳ್ಳನ್ನು ನೋಡುತ್ತ ಹಿತ್ತಲು ದಾಟಿ, ಅಂಗಳ ದಾಟಿ, ಅಡುಗೆಮನೆಯ ನಟ್ಟನಡುವೆ ನಿಂತ. "ಇಲ್ಲೇ."

"ಇಲ್ಲಿ ಒಲೆ ಬತ್ತದಲ್ಲಪ್ಪ."

"ನಿಮ್ಮ ಪ್ಲಾನು ನೀರಿಗೇನ್ ಗೊತ್ತು ಭಾವ?"

ಸಾವಿತ್ರಿ ಯೋಚಿಸಲೇ ಇಲ್ಲ. "ಗೋಡೆ ಒಡೆಸ್ರೀ. ಒಲೆ ಆ ಕೋಣೇಲಿ ಹಾಕ್ಕಂತೀನಿ" ಎಂದು ನನ್ನ ಓದುವ ಕೋಣೆಯತ್ತ ಕೈ ತೋರಿಸಿದಳು.

ಒಡೆದ ಗೋಡೆಯ ಜಾಗದಿಂದ ಬೋರ್ ಕೊರೆಯುವ ಲಾರಿ ಒಳಗೆ ಬಂತು. ಮಧ್ಯಾಹ್ನದವರೆಗೂ ಬರೀ ಬಿಳಿ ಕಲ್ಲುಪುಡಿ. ನಮ್ಮೆಲ್ಲರ ತಲೆ ನರೆತಂತಾಯಿತು. "ಪೋದುಮಾ ಸಾರ್, ಸಾಕಾ?" ಎಂದ ಡ್ರೈವರ್. ಗೋಪಾಲನ ಮುಖ ಸಣ್ಣಗಾಯಿತು. ತಮ್ಮನ ಮಾನ ಉಳಿಸುವವಳಂತೆ ಸಾವಿತ್ರಿ, "ಇನ್ನೂ ಇಳ್ಸಪ್ಪ" ಎಂದಳು. ಇಳಿಸಿದ. ಸದ್ದು ಬದಲಾಯಿತು; ಕೆಸರು ಚಿಮ್ಮಿತು, ಅದರ ಹಿಂದೆಯೇ ನೀರು. ಮೈಯೆಲ್ಲ ರಾಡಿಯಾದ ಅಕ್ಕ-ತಮ್ಮ ಒಬ್ಬರನ್ನೊಬ್ಬರು ನೋಡಿ ನಕ್ಕೇ ನಕ್ಕರು. ಅಕ್ಕಪಕ್ಕದ ಫ್ಯಾಕ್ಟರಿ ಕೆಲಸಗಾರರ ಮನೆಗಳಿಂದ ಹೆಂಗಸರು ಆಗಲೇ ಬಿಂದಿಗೆ ತಂದಿದ್ದರು.

ಆ ಅಡುಗೆಮನೆಗೆ ಸೂರು ಹಾಕಿಸಲೇ ಇಲ್ಲ. ಕೈಪಂಪು ಕೂತು, ಅದು ಕೇರಿಯವರೆಲ್ಲರ ಅಂಗಳವಾಯಿತು. ನಾನು ಜಗಲಿಯಲ್ಲಿ, ಬಿಂದಿಗೆಗಳ ಸಾಲಿನ ಪಕ್ಕದಲ್ಲಿ, ಬಾಡಿಗೆ ಮನೆಯದಕ್ಕಿಂತ ದೊಡ್ಡ ಗಲಾಟೆಯಲ್ಲಿ ಉತ್ತರಪತ್ರಿಕೆ ತಿದ್ದತೊಡಗಿದೆ. 'ಅಂತರ್ಜಲ ಎಲ್ಲಿ ದೊರೆಯುತ್ತದೆ?' ಎಂಬ ಪ್ರಶ್ನೆಗೆ ನಮ್ಮ ಕೇರಿಯ ಒಬ್ಬಳು ಹುಡುಗಿ, 'ಮೇಷ್ಟ್ರ ಅಡುಗೆಮನೆಯಲ್ಲಿ' ಎಂದು ಬರೆದಿದ್ದಳು. ಕೆಂಪು ಶಾಯಿಯ ಪೆನ್ನು ಎತ್ತಿದೆ. ಅವಳ ತಾಯಿ ಪಂಪು ಒತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಪೂರ್ತಿ ಅಂಕ ಕೊಟ್ಟೆ.